ಸವಾರಿಯಲ್ಲಿ ಕುದುರೆ ಕೆಟ್ಟರೆ ಗಿಡದ ವಿಷವೇ ಎಂದು ಗುರುತಿಸುವ ಬಗೆ

ಬೆಳಿಗ್ಗೆ ಹೊರಡುವಾಗ ಚೆನ್ನಾಗಿಯೇ ಇದ್ದ ಕುದುರೆ ದಾರಿಯ ನಡುವೆಯೋ, ಲಾಯಕ್ಕೆ ಮರಳಿದ ಕೆಲವು ಗಂಟೆಗಳ ಮೇಲೋ ಇದ್ದಕ್ಕಿದ್ದಂತೆ ಮಂಕಾಗಬಹುದು, ಹೊಟ್ಟೆಯ ಕಡೆಗೆ ತಿರುತಿರುಗಿ ನೋಡುತ್ತ ನೆಲ ಕೆರೆಯಬಹುದು, ಕಾಲು ತಡವರಿಸಬಹುದು, ಬೆವರಿ ನಡುಗಬಹುದು. ಬೆಂಗಳೂರಿನ ಹೊರವಲಯದ ಸವಾರಿ ಶಾಲೆಗಳ ಕುದುರೆಗಳಿಗೂ, ಗಿರಿಧಾಮಗಳಲ್ಲಿ ಪ್ರವಾಸಿಗರನ್ನು ಹೊರುವ ಕುದುರೆಗಳಿಗೂ, ಉತ್ತರ ಕರ್ನಾಟಕದಲ್ಲಿ ಕುರಿಹಿಂಡಿನ ಜೊತೆ ಸರಂಜಾಮು ಹೊತ್ತು ನಡೆಯುವ ತಟ್ಟುಗಳಿಗೂ ಈ ತೊಂದರೆ ಒಂದೇ ರೂಪದಲ್ಲಿ ಎದುರಾಗುತ್ತದೆ. ಹೀಗಾದಾಗ ಕಾರಣ ಗಿಡದ ವಿಷವೋ ಅಲ್ಲವೋ, ವಿಷವೇ ಆಗಿದ್ದರೆ ಯಾವ ಬಗೆಯದು, ವೈದ್ಯರು ಬರುವವರೆಗೆ ಏನು ಮಾಡಬೇಕು, ಏನು ಮಾಡಕೂಡದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಇಂಥ ತಪಾಸಣೆ ಬಹುಪಾಲು ದಾರಿ ತಪ್ಪುವುದು ಮೊದಲ ಮಾತಿನಲ್ಲಿಯೇ. "ಕುದುರೆ ವಿಷದ ಸೊಪ್ಪಿಗೆ ಬಾಯಿ ಹಾಕೋದಿಲ್ಲ ಸಾರ್, ಮೂಸಿ ನೋಡಿ ಬಿಟ್ಟುಬಿಡುತ್ತೆ" ಎಂದು ಲಾಯದವರು ಹೇಳುತ್ತಾರೆ, ಕೇಳಿದವರು ಒಪ್ಪುತ್ತಾರೆ, ಅಲ್ಲಿಗೆ ಗಿಡದ ಸಾಧ್ಯತೆ ಪಟ್ಟಿಯಿಂದ ಬಿದ್ದುಹೋಗುತ್ತದೆ. ಈ ನಂಬಿಕೆ ಪೂರ್ತಿ ಸುಳ್ಳಲ್ಲ, ಆದರೆ ಅದು ನಿಜವಾಗುವ ಸಂದರ್ಭಗಳಿಗೆ ಮಿತಿಯಿದೆ. ಆ ಮಿತಿ ಎಲ್ಲಿದೆಯೆಂದು ತಿಳಿದರೆ ಸವಾರನನ್ನು ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಹೊಳೆಯುತ್ತವೆ.

ಮೂಗು ಮತ್ತು ನಾಲಿಗೆ ಎಲ್ಲಿಯವರೆಗೆ ಕಾಯುತ್ತವೆ

ಮೇಯುವ ಕುದುರೆಗೆ ತನ್ನ ಮೂತಿಯ ಕೆಳಗಿರುವುದು ಕಣ್ಣಿಗೆ ಕಾಣುವುದಿಲ್ಲ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುತ್ತಲಿನದೆಲ್ಲ ಕಂಡರೂ ಹಣೆಯ ಮುಂದೆ ಮತ್ತು ಬಾಯಿಯ ಬುಡದಲ್ಲಿ ಸ್ವಲ್ಪ ಜಾಗ ಕುರುಡಾಗಿಯೇ ಉಳಿಯುತ್ತದೆ. ಬಣ್ಣಗಳಲ್ಲಿ ಅದು ನೀಲಿ ಹಳದಿಗಳನ್ನು ಬೇರ್ಪಡಿಸಬಲ್ಲದಾದರೂ ಕೆಂಪು ಹಸಿರುಗಳ ನಡುವಿನ ಅಂತರವನ್ನು ನಾವು ಕಂಡಂತೆ ಕಾಣಲಾರದು. ಆದ್ದರಿಂದ ಆಯ್ಕೆಯ ಕೆಲಸ ವಾಸನೆಗೆ, ಮೂತಿಯ ಸುತ್ತಲಿನ ಗಡುಸು ಕೂದಲುಗಳಿಗೆ, ಬೆರಳಿನಂತೆ ಆಡುವ ಮೇಲ್ದುಟಿಗೆ ಮತ್ತು ಕೊನೆಗೆ ನಾಲಿಗೆಗೆ ಬೀಳುತ್ತದೆ. ಅವಸರವಿಲ್ಲದೆ ಮೇಯುವ ಕುದುರೆಯನ್ನು ಹತ್ತಿರದಿಂದ ನೋಡಿದರೆ ಮೇಲ್ದುಟಿ ಗರಿಕೆಯನ್ನು ಒಳಕ್ಕೆ ಎಳೆದುಕೊಳ್ಳುತ್ತ, ನಡುವೆ ಸಿಕ್ಕಿದ ಕಾಂಗ್ರೆಸ್ ಗಿಡದ ಎಲೆಯನ್ನು ಪಕ್ಕಕ್ಕೆ ತಳ್ಳುವುದು ಸ್ಪಷ್ಟವಾಗಿ ಕಾಣುತ್ತದೆ. ಕಹಿಯಾದ ಎಲೆ ಬಾಯಿಗೆ ಹೋದರೂ ತುಟಿ ಮೇಲೆತ್ತಿ ಜೊಲ್ಲಿನೊಂದಿಗೆ ಅದನ್ನು ಉದುರಿಸಿಬಿಡುತ್ತದೆ.

ಇಲ್ಲಿ ಗಮನಿಸಬೇಕಾದದ್ದೆಂದರೆ ಕುದುರೆ ತಳ್ಳುತ್ತಿರುವುದು ಕಹಿಯನ್ನೇ ಹೊರತು ವಿಷವನ್ನಲ್ಲ. ಬಹಳಷ್ಟು ವಿಷಗಳು ಕಹಿಯಾಗಿರುವುದರಿಂದ ಎರಡೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ಕಹಿಯಿಲ್ಲದ ವಿಷಕ್ಕೆ, ಒಣಗಿ ಕಹಿ ಇಳಿದ ಎಲೆಗೆ, ಹುಲ್ಲಿನ ಕಂತೆಯಲ್ಲಿ ಬೆರೆತುಹೋದ ಗಿಡಕ್ಕೆ ಈ ಕಾವಲು ದಾರಿ ಬಿಟ್ಟುಕೊಡುತ್ತದೆ.

ಅನುಭವದಿಂದ ಕಲಿಯುವ ಶಕ್ತಿಗೂ ಇಂಥದೇ ಕೊರತೆಯಿದೆ. ಪೋನಿಗಳ ಮೇಲೆ ನಡೆದು 1990ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತಿಂದ ಕೂಡಲೇ ಅಸ್ವಸ್ಥತೆ ಉಂಟಾದಾಗ ಅವು ಆ ಆಹಾರವನ್ನು ಬಿಡಲು ಕಲಿತವು, ಆದರೆ ಅಸ್ವಸ್ಥತೆ ಅರ್ಧ ಗಂಟೆ ತಡವಾಗಿ ಬಂದಾಗ ಎರಡನ್ನೂ ಜೋಡಿಸಿಕೊಳ್ಳಲಾರದೆ ಹೋದವು. ಅಮೆರಿಕದ ಪಶ್ಚಿಮದ ಹುಲ್ಲುಗಾವಲುಗಳಲ್ಲಿ ಕುದುರೆಗಳ ಮಿದುಳು ಕೆಡಿಸುವ ಲೋಕೋ ಗಿಡವನ್ನು ಅವು ಬಿಡುವಂತೆ ಮಾಡಲು ಸಂಶೋಧಕರು ಆ ಗಿಡದ ಜೊತೆಗೆ ಲಿಥಿಯಂ ಕ್ಲೋರೈಡ್ ಕೊಟ್ಟು ಹೊಟ್ಟೆ ತೊಳಸುವಂತೆ ಮಾಡಬೇಕಾಯಿತು. ಗಿಡದ ಸ್ವಂತ ವಿಷ ಅಷ್ಟು ಬೇಗ ಪಾಠ ಕಲಿಸುವುದಿಲ್ಲ. ನಮ್ಮ ದಾರಿಗಳ ಅಪಾಯಕಾರಿ ಗಿಡಗಳಲ್ಲಿ ಹೆಚ್ಚಿನವು ಕೆಲವು ಗಂಟೆಗಳಿಂದ ಹಿಡಿದು ಕೆಲವು ತಿಂಗಳುಗಳವರೆಗೆ ತಡಮಾಡಿಯೇ ಪೆಟ್ಟು ಕೊಡುತ್ತವೆ. ಇದರ ಮೇಲೆ ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅನ್ನನಾಳ ಜಠರವನ್ನು ಸೇರುವಲ್ಲಿರುವ ಬಿಗಿಯಾದ ಸ್ನಾಯು ಒಳಗೆ ಹೋದದ್ದನ್ನು ಹಿಂದಕ್ಕೆ ಬಿಡದು, ಹಾಗಾಗಿ ನುಂಗಿದ ಎಲೆ ಕರುಳಿಗೇ ಸಾಗುತ್ತದೆ.

ಆದ್ದರಿಂದ ಸವಾರನನ್ನು "ಏನು ತಿಂದಿತು?" ಎಂದು ಕೇಳಿದರೆ "ಏನೂ ಇಲ್ಲ" ಎಂಬ ಉತ್ತರ ಬರುವುದೇ ಹೆಚ್ಚು. ಅದರ ಬದಲು ಎಲ್ಲಿ ನಿಂತಿದ್ದಿರಿ, ಯಾವುದಕ್ಕೆ ಕಟ್ಟಿದ್ದಿರಿ, ಹೊರಡುವ ಮುನ್ನ ಹುಲ್ಲು ಹಾಕಿದ್ದಿರೋ ಇಲ್ಲವೋ, ಅಲ್ಲಿ ಇತ್ತೀಚೆಗೆ ಬೇಲಿ ಕತ್ತರಿಸಿದ್ದರೋ, ಕುದುರೆಗೆ ಆ ಊರು ಹೊಸದೋ ಎಂದು ಕೇಳಬೇಕು. ಹಸಿದ ಕುದುರೆಯನ್ನು ಚಹಾದಂಗಡಿಯ ಪಕ್ಕದ ಬೇಲಿಗೆ ಅರ್ಧ ಗಂಟೆ ಕಟ್ಟಿಹಾಕಿದರೆ, ಬೇಸರಕ್ಕೆ ಎಟುಕಿದ್ದನ್ನೆಲ್ಲ ಅದು ಜಗಿಯುತ್ತದೆ. ಕಡಿವಾಣ ಬಾಯಲ್ಲಿರುವ ಕುದುರೆ ನಡೆಯುತ್ತಲೇ ಕಸಿದ ಸೊಪ್ಪನ್ನು ತುಟಿಯಿಂದ ಆರಿಸುವ ಗೋಜಿಗೆ ಹೋಗದೆ ನುಂಗುವುದೂ ಉಂಟು.

ಮೊದಲು ಬೇರೆ ಕಾರಣಗಳನ್ನು ಬದಿಗಿಡಿ

ಸವಾರಿಯಲ್ಲಿ ಕೆಡುವ ಕುದುರೆಗಳಲ್ಲಿ ವಿಷಕ್ಕಿಂತ ಬಿಸಿಲು, ನೀರಿನ ಕೊರತೆ ಮತ್ತು ಸಾಮಾನ್ಯ ಹೊಟ್ಟೆಶೂಲೆಯೇ ಹೆಚ್ಚು. ಹಿಂಗಾಲಿನ ಮೇಲ್ಭಾಗದ ಸ್ನಾಯುಗಳು ಕಲ್ಲಿನಂತೆ ಗಟ್ಟಿಯಾಗಿ, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದು ದುಡಿಮೆಯಿಂದಾದ ಸ್ನಾಯುಹಾನಿ. ಕತ್ತು ಚಾಚಿ ಕೆಮ್ಮುತ್ತ ಮೂಗಿನಿಂದ ಜೊಲ್ಲು ಮತ್ತು ಜಗಿದ ಮೇವು ಸುರಿಸುತ್ತಿದ್ದರೆ ಅನ್ನನಾಳದಲ್ಲಿ ಮೇವು ಸಿಕ್ಕಿಕೊಂಡಿದೆ. ಮೂತಿ ಒಂದೇ ಕಡೆ ಬೇಗಬೇಗ ಊದುತ್ತಿದ್ದರೆ ಹಾವಿನ ಕಡಿತವನ್ನು ಮೊದಲು ಅನುಮಾನಿಸಬೇಕು. ಕುದುರೆ ಮೂಗಿನಿಂದ ಮಾತ್ರ ಉಸಿರಾಡುವುದರಿಂದ ಇದರಲ್ಲಿ ಸಮಯ ಬಹಳ ಕಡಿಮೆ. ದಿನಗಟ್ಟಲೆ ಬಂದುಹೋಗುವ ಜ್ವರದೊಂದಿಗೆ ಸೊರಗುತ್ತಿದ್ದರೆ ನೊಣಗಳಿಂದ ಹರಡುವ ಸರ್ರಾ ರೋಗಕ್ಕೆ ರಕ್ತ ಪರೀಕ್ಷೆ ಮಾಡಿಸುವುದು ಸರಿಯಾದ ದಾರಿ. ಕೋಳಿ ಆಹಾರದ ಚೀಲಗಳಿದ್ದ ಕೋಣೆಗೆ ಕುದುರೆ ನುಗ್ಗಿತ್ತೇ ಎಂಬುದನ್ನೂ ವಿಚಾರಿಸಿ, ಏಕೆಂದರೆ ಅದರಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕೋಳಿಗೆ ಹಿತವಾದರೂ ಕುದುರೆಯ ಹೃದಯಕ್ಕೆ ಮಾರಕ, ಮತ್ತು ಅದರ ಲಕ್ಷಣಗಳು ಕಣಗಿಲೆಯ ವಿಷವನ್ನು ಬಹುಮಟ್ಟಿಗೆ ಹೋಲುತ್ತವೆ.

ನಾಡಿ, ಒಸಡು, ಪಾಪೆ

ಜೀನು ಇಳಿಸಿ ನೆರಳಿನಲ್ಲಿ ನಿಲ್ಲಿಸಿದ ಮೇಲೆ ದವಡೆಯ ಕೆಳಅಂಚಿನಲ್ಲಿ ಬೆರಳಿಗೆ ಸಿಗುವ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಇಲ್ಲಿ ಸಲ್ಲದು, ಏಕೆಂದರೆ ನಮಗೆ ಬೇಕಾದದ್ದು ಸಂಖ್ಯೆಯಷ್ಟೇ ಅಲ್ಲ, ಲಯವೂ ಬೇಕು. ವಿಶ್ರಾಂತಿಯಲ್ಲಿರುವ ಬೆಳೆದ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಗುದದ್ವಾರದ ತಾಪಮಾನ 37.2ರಿಂದ 38.3 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅರ್ಧ ಗಂಟೆ ದಣಿವಾರಿಸಿಕೊಂಡ ಮೇಲೂ ನಾಡಿ 64ಕ್ಕಿಂತ ಕೆಳಗಿಳಿಯದಿದ್ದರೆ ಅದನ್ನು ಬರಿಯ ಆಯಾಸವೆಂದು ಬಿಡಬಾರದು.

ಲಯದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಚೆನ್ನಾಗಿ ಪಳಗಿದ ಆರೋಗ್ಯವಂತ ಕುದುರೆಯ ಹೃದಯವೂ ಲಾಯದಲ್ಲಿ ಸುಮ್ಮನೆ ನಿಂತಿರುವಾಗ ಮೂರೋ ನಾಲ್ಕೋ ಬಡಿತಗಳಿಗೊಮ್ಮೆ ಒಂದನ್ನು ಬಿಡುವುದು ಸಾಮಾನ್ಯ. ಸ್ವಲ್ಪ ನಡೆದರೆ ಅಥವಾ ಗಾಬರಿಯಾದರೆ ಆ ಬಿಡುವು ಮಾಯವಾಗುತ್ತದೆ. ಈಗಷ್ಟೇ ಸವಾರಿಯಿಂದ ಬಂದು ಬೆವರುತ್ತ ನಿಂತಿರುವ ಕುದುರೆಯ ನಾಡಿ ಅಡ್ಡಾದಿಡ್ಡಿಯಾಗಿದ್ದರೆ ಅದಕ್ಕೆ ಈ ವಿನಾಯಿತಿ ಅನ್ವಯಿಸದು. ಲಯವನ್ನು ಪರೀಕ್ಷಿಸಲೆಂದು ಅದನ್ನು ಮತ್ತೆ ಓಡಿಸುವ ಕೆಲಸವನ್ನಂತೂ ಯಾರೂ ಮಾಡಕೂಡದು.

ಬಳಿಕ ತುಟಿ ಎತ್ತಿ ಒಸಡು ನೋಡಿ. ತಿಳಿಗುಲಾಬಿ ಬಣ್ಣದಲ್ಲಿ ತೇವವಾಗಿದ್ದು, ಬೆರಳೊತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಬಣ್ಣ ಮರಳಿದರೆ ಸರಿಯಿದೆ. ಅದೇ ಹೊತ್ತಿಗೆ ಕೆನ್ನೆಗೂ ಹಲ್ಲಿಗೂ ನಡುವೆ ಬೆರಳಾಡಿಸಿ ಅಲ್ಲಿ ಉಳಿದಿರುವ ಸೊಪ್ಪಿನ ಚೂರುಗಳನ್ನು ಹೊರತೆಗೆದರೆ ಊಹೆಯ ಅರ್ಧ ಕೆಲಸ ಮುಗಿಯುತ್ತದೆ.

ಒಸಡಿನ ತೇವ ಮತ್ತು ಕಣ್ಣಿನ ಪಾಪೆ ಒಟ್ಟಿಗೆ ಒಂದು ಮುಖ್ಯ ಕವಲನ್ನು ತೋರಿಸುತ್ತವೆ. ಕುದುರೆಯ ಪಾಪೆ ಅಡ್ಡಲಾಗಿ ನೀಳವಾಗಿರುತ್ತದೆ. ಬಿಸಿಲಿನಲ್ಲಿಯೂ ಅದು ಅಗಲವಾಗಿ ತೆರೆದೇ ಇದ್ದು, ಒಸಡು ಒಣಗಿ, ನಾಡಿ ಓಡುತ್ತಿದ್ದು, ಪಕ್ಕೆಗೆ ಕಿವಿಗೊಟ್ಟರೆ ಕರುಳಿನ ಸದ್ದೇ ಇಲ್ಲದಿದ್ದರೆ ಉಮ್ಮತ್ತಿಯನ್ನು, ಅಂದರೆ ದತ್ತೂರವನ್ನು, ಅನುಮಾನಿಸಿ. ಹಸಿ ಗಿಡದ ದುರ್ವಾಸನೆಗೆ ಕುದುರೆ ದೂರ ಸರಿದರೂ ಒಣಹುಲ್ಲಿನಲ್ಲಿ ಬೆರೆತ ಗಿಡ ಮತ್ತು ಕಾಳಿನಲ್ಲಿ ಸೇರಿದ ಬೀಜ ಹೊಟ್ಟೆ ಸೇರುತ್ತವೆ. ಇದಕ್ಕೆ ನೇರ ವಿರುದ್ಧವಾಗಿ ಪಾಪೆ ಕಿರಿದಾಗಿ ಗೆರೆಯಂತಾಗಿದ್ದು, ಜೊಲ್ಲು ಸುರಿಯುತ್ತ, ಮೈ ಬೆವರಿ, ಸ್ನಾಯುಗಳು ಅದುರುತ್ತ, ಕರುಳು ಗುಡುಗುಟ್ಟುತ್ತಿದ್ದರೆ ತಪ್ಪು ಗಿಡದ್ದಲ್ಲ, ಗಿಡದ ಮೇಲೆ ಸಿಂಪಡಿಸಿದ ಕೀಟನಾಶಕದ್ದು. ತೋಟಗಳ ನಡುವಿನ ದಾರಿಯಲ್ಲಿ ಬದುವಿನ ಹುಲ್ಲು ಮೇಯ್ದ ಕುದುರೆಗಳಲ್ಲಿ ಇದನ್ನು ನೆನಪಿಡಲೇಬೇಕು. ಕೀಟನಾಶಕದ ವಿಷಕ್ಕೆ ವೈದ್ಯರು ಬಳಸುವ ಅಟ್ರೋಪಿನ್ ಉಮ್ಮತ್ತಿಯಲ್ಲಿರುವ ವಿಷವೂ ಹೌದಾದ್ದರಿಂದ, ಪಾಪೆ ನೋಡದೆ ಊಹೆಯ ಮೇಲೆ ಯಾರಾದರೂ ಅದನ್ನು ಚುಚ್ಚಿದರೆ ಇರುವ ವಿಷ ಇಮ್ಮಡಿಯಾದಂತೆ.

ನಿಮಿಷಗಳಲ್ಲಿ ಕಾಣಿಸಿಕೊಂಡರೆ

ಪೊದೆಯೊಳಗಿಂದ ಹಾದು ಬಂದ ಕೂಡಲೇ ಕುದುರೆ ಕುಣಿದು, ಕಾಲು ಒದರಿ, ನೆಲಕ್ಕೆ ಉರುಳಲು ಹವಣಿಸಿದರೆ ಅದು ತಿಂದ ವಿಷವಲ್ಲ. ಮಲೆನಾಡಿನ ದಾರಿಗಳಲ್ಲಿ ತುರಚೆ ಮತ್ತು ನಸುಗುನ್ನಿಯ ಸುಂಕು ತಾಗಿದಾಗ ತೆಳುಚರ್ಮದ ಹೊಟ್ಟೆ, ತೊಡೆಸಂದು, ಮೂತಿಗಳಲ್ಲಿ ದದ್ದುಗಳೇಳುತ್ತವೆ. ಕೆಲವೊಮ್ಮೆ ಕಾಲು ತಡವರಿಸುವಷ್ಟು ಯಾತನೆ ಕಂಡರೂ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ತಣ್ಣಗಾಗುತ್ತದೆ. ಉಜ್ಜದೆ, ಧಾರಾಳ ನೀರು ಹೊಯ್ದು ಸುಂಕನ್ನು ತೊಳೆಯಬೇಕು. ಎಕ್ಕ, ಕಳ್ಳಿಗಳ ಹಾಲು ಕಣ್ಣಿಗೆ ಸಿಡಿದು ರೆಪ್ಪೆ ಮುಚ್ಚಿಕೊಂಡಿದ್ದರೂ ಮೊದಲ ಕೆಲಸ ನೀರಿನಿಂದ ತೊಳೆಯುವುದೇ, ಆಮೇಲೆ ವೈದ್ಯರಿಗೆ ತೋರಿಸುವುದು.

ಗಂಟೆಗಳಲ್ಲಿ ಕಾಣಿಸಿಕೊಂಡರೆ: ಕಣಗಿಲೆ ಮತ್ತು ಹರಳು

ಹೊಟ್ಟೆನೋವು, ಅಡ್ಡಾದಿಡ್ಡಿ ನಾಡಿ, ತಣ್ಣಗಾದ ಕಿವಿ ಮತ್ತು ಕಾಲು ಈ ಮೂರೂ ಒಟ್ಟಿಗಿದ್ದರೆ ಬೇರೆ ಆಲೋಚನೆಗೆ ಮೊದಲು ಕಣಗಿಲೆಯನ್ನು ಹುಡುಕಬೇಕು. ಹಳೆಯ ನಿಘಂಟುಗಳಲ್ಲಿ ಹಯಮಾರಕವೆಂಬ ಹೆಸರನ್ನೂ ಹೊತ್ತಿರುವ ಈ ಗಿಡ ಇಂದು ದೇವಸ್ಥಾನದ ಅಂಗಳದಲ್ಲಿ, ತೋಟದ ಮನೆಗಳ ಬೇಲಿಯಲ್ಲಿ, ಹೆದ್ದಾರಿಯ ನಡುಪಟ್ಟಿಯಲ್ಲಿ ಎಲ್ಲೆಲ್ಲೂ ಇದೆ. ಹಳದಿ ಹೂವಿನ ಕಾಡುಕಣಗಿಲೆಯೂ ಇದೇ ಜಾತಿಯ ವಿಷವನ್ನು ಹೊಂದಿದೆ. ಇವುಗಳಲ್ಲಿನ ಗ್ಲೈಕೋಸೈಡುಗಳು ಹೃದಯದ ಜೀವಕೋಶಗಳಲ್ಲಿ ಸೋಡಿಯಂ ಪೊಟ್ಯಾಸಿಯಂಗಳನ್ನು ಸಮತೋಲದಲ್ಲಿಡುವ ಪಂಪನ್ನು ತಡೆಹಿಡಿಯುವುದರಿಂದ ಬಡಿತ ಒಮ್ಮೆ ನಿಧಾನವಾಗುತ್ತದೆ, ಒಮ್ಮೆ ಓಡುತ್ತದೆ, ಕೊನೆಗೆ ನಿಲ್ಲುತ್ತದೆ. ದೇಹದ ತೂಕದ ಶೇಕಡಾ 0.005ರಷ್ಟು ಒಣ ಎಲೆ ಕುದುರೆಯನ್ನು ಕೊಲ್ಲಬಲ್ಲದು. 400 ಕಿಲೋ ತೂಕದ ಕುದುರೆಗೆ ಲೆಕ್ಕ ಹಾಕಿದರೆ ಅದು ಕೇವಲ 20 ಗ್ರಾಂ. ಲಕ್ಷಣಗಳು ಕೆಲವು ಗಂಟೆಗಳಿಂದ ಒಂದು ದಿನದೊಳಗೆ ಕಾಣಿಸಿಕೊಳ್ಳುತ್ತವೆ.

ಹಸಿ ಕಣಗಿಲೆಯ ಒಂದೆರಡು ಎಲೆಗೆ ಬಾಯಿ ಹಾಕಿದ ಕುದುರೆ ಅದರ ಕಹಿಗೆ ಬಹುಮಟ್ಟಿಗೆ ಉಗುಳಿಬಿಡುತ್ತದೆ. ಅಪಾಯವಿರುವುದು ಬೇಲಿ ಕತ್ತರಿಸಿ ರಸ್ತೆಯ ಬದಿಗೆ ಎಸೆದ ಸೊಪ್ಪಿನಲ್ಲಿ. ಅದು ಬಾಡಿದಂತೆ ರುಚಿಯ ತಡೆ ಇಳಿಯುತ್ತದೆ, ವಿಷ ಮಾತ್ರ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಕುದುರೆ ನಿಂತಿದ್ದ ಜಾಗಕ್ಕೆ ಯಾರನ್ನಾದರೂ ಕಳುಹಿಸಿ, ನಿಂತಿರುವ ಗಿಡಗಳಿಗಿಂತ ಮೊದಲು ನೆಲದ ಮೇಲಿನ ತರಗನ್ನು ನೋಡಿಸಬೇಕು. ಎಲೆ ಗುರುತಿಸುವುದು ಕಷ್ಟವಲ್ಲ. ಕಣಗಿಲೆಯ ಎಲೆ ಉದ್ದವಾಗಿ, ಕಿರಿದಾಗಿ, ದಪ್ಪ ತೊಗಲಿನಂತಿದ್ದು, ಸಾಮಾನ್ಯವಾಗಿ ಮೂರು ಮೂರು ಒಂದೇ ಗಿಣ್ಣಿನಿಂದ ಹೊರಡುತ್ತವೆ. ನಡುನರದಿಂದ ಎರಡೂ ಅಂಚುಗಳಿಗೆ ಸಣ್ಣ ನರಗಳು ಬಾಚಣಿಗೆಯ ಹಲ್ಲುಗಳಂತೆ ಒತ್ತೊತ್ತಾಗಿ, ಸಮಾನಾಂತರವಾಗಿ ಸಾಗುತ್ತವೆ. ಈ ನರವಿನ್ಯಾಸ ಜಗಿದ ಚೂರಿನಲ್ಲಿಯೂ ಅಳಿಯುವುದಿಲ್ಲ. ಲದ್ದಿಯನ್ನು ಬಕೆಟ್ಟಿನ ನೀರಿನಲ್ಲಿ ಕದಡಿ ಜರಡಿ ಹಿಡಿದು, ಉಳಿದ ಚೂರುಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಹುಲ್ಲಿನ ಎಳೆಗಳ ನಡುವೆ ಅದು ಕಣ್ಣಿಗೆ ಹೊಡೆಯುತ್ತದೆ. ಇದು ಕೈ ಕೊಳೆಯಾಗುವ ಕೆಲಸವೆಂದು ಹಿಂದೆಗೆಯುವವರುಂಟು, ಆದರೆ ಹಳ್ಳಿಯ ದಾರಿಯಲ್ಲಿ ನಿಂತು ಮಾಡಬಹುದಾದ ಪರೀಕ್ಷೆಗಳಲ್ಲಿ ಇದಕ್ಕಿಂತ ನಂಬಿಕೆಯದು ಇನ್ನೊಂದಿಲ್ಲ. ಕೈಗವಸು ಹಾಕಿಕೊಂಡರಾಯಿತು.

ಅಡ್ಡನಾಡಿಯ ಬದಲು ಹೃದಯ ಇಡೀ ಮೈ ಅದುರುವಷ್ಟು ಬಲವಾಗಿ ಬಡಿಯುತ್ತಿದ್ದು, ಬೆವರು, ತೀವ್ರ ಹೊಟ್ಟೆನೋವು, ನೀರಿನಂಥ ಭೇದಿ ಕಂಡರೆ ಹರಳಿನ ಕಡೆಗೆ ತಿರುಗಬೇಕು. ಉತ್ತರ ಕರ್ನಾಟಕದವರು ಔಡಲ ಎನ್ನುವ ಈ ಗಿಡದ ಎಲೆಗಿಂತ ಬೀಜದಲ್ಲಿ, ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ವಿಷ ಹೆಚ್ಚು. ಸಾಕುಪ್ರಾಣಿಗಳಲ್ಲಿ ಕುದುರೆ ಇದಕ್ಕೆ ಬಹು ಬೇಗ ಬಲಿಯಾಗುತ್ತದೆ. ತಿಂದ ಹಲವು ಗಂಟೆಗಳ ನಂತರ, ಒಮ್ಮೊಮ್ಮೆ ಎರಡು ಮೂರು ದಿನಗಳ ಮೇಲೆ ಲಕ್ಷಣ ಕಾಣುವುದರಿಂದ ನಿನ್ನೆ ಮೊನ್ನೆ ಕುದುರೆ ಎಲ್ಲಿತ್ತೆಂದೂ, ಗೊಬ್ಬರಕ್ಕೆ ತಂದ ಹರಳು ಹಿಂಡಿಯ ಚೀಲ ಎಲ್ಲಿದೆಯೆಂದೂ ವಿಚಾರಿಸಬೇಕಾಗುತ್ತದೆ.

ವಾರಗಳು, ತಿಂಗಳುಗಳು ಕಳೆದ ಮೇಲೆ

ಗೊತ್ತುಗುರಿಯಿಲ್ಲದೆ ನಡೆಯುತ್ತಲೇ ಇರುವ, ಗೋಡೆಗೆ ಹಣೆಯೊತ್ತಿ ನಿಲ್ಲುವ, ಪದೇ ಪದೇ ಆಕಳಿಸುವ ಕುದುರೆಯಲ್ಲಿ ದೋಷ ಮಿದುಳಿನಲ್ಲಿ ಹುಟ್ಟಿದ್ದಲ್ಲ, ಯಕೃತ್ತಿನಲ್ಲಿ ಹುಟ್ಟಿ ಮಿದುಳಿನಲ್ಲಿ ಕಾಣಿಸಿಕೊಂಡಿರಬಹುದು. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಕಿಯ ಸದ್ದು ಮಾಡುವ ಕ್ರೊಟಲೇರಿಯ ಗಿಡಗಳ ವಿಷ ಯಕೃತ್ತನ್ನು ತಿಂಗಳುಗಟ್ಟಲೆ ಸದ್ದಿಲ್ಲದೆ ಹಾಳುಮಾಡುತ್ತದೆ. ಆಸ್ಟ್ರೇಲಿಯದ ಕಿಂಬರ್ಲಿ ಪ್ರದೇಶದಲ್ಲಿ ಈ ಕುಲದ ಗಿಡಗಳಿಂದ ಬರುವ ಕುದುರೆ ರೋಗಕ್ಕೆ ನಡೆದಾಟದ ಕಾಯಿಲೆಯೆಂದೇ ಹೆಸರು. ಈ ಗತಿಯಲ್ಲಿ ಇಂದಿನ ದಾರಿಯನ್ನು ಹುಡುಕಿ ಪ್ರಯೋಜನವಿಲ್ಲ, ಕಳೆದ ಋತುವಿನ ಮೇವನ್ನು ಹುಡುಕಬೇಕು. ಕಣ್ಣಿನ ಬಿಳಿ ಹಳದಿಯಾಗಿರುವುದೊಂದನ್ನೇ ಸಾಕ್ಷಿಯೆಂದು ಹಿಡಿಯಬೇಡಿ, ಏಕೆಂದರೆ ಎರಡು ದಿನ ಮೇವು ಬಿಟ್ಟ ಯಾವ ಕುದುರೆಯ ಕಣ್ಣೂ ಹಳದಿಯಾಗುತ್ತದೆ. ರಕ್ತದಲ್ಲಿ ಜಿಜಿಟಿ ಎಂಬ ಕಿಣ್ವದ ಮಟ್ಟ ನೋಡಿಸುವುದು ಇದಕ್ಕಿಂತ ನಂಬಿಕೆಯ ಸೂಚಕ. ಬಿಳಿ ಮಚ್ಚೆಯಿರುವ ಮೂತಿ, ಬಿಳಿ ಕಾಲುಗಳಲ್ಲಿ ಮಾತ್ರ ಚರ್ಮ ಬಿಸಿಲಿಗೆ ಸುಟ್ಟಂತಾಗಿ, ಪಕ್ಕದ ಕಪ್ಪು ಚರ್ಮ ನೆಟ್ಟಗಿದ್ದರೆ ಅದೂ ಯಕೃತ್ತಿನ ಕಡೆಗೇ ಬೆರಳು ತೋರಿಸುವ ಸಂಭವವಿದೆ. ಲಂಟಾನ ಕೂಡ ಹೀಗೆ ಮಾಡಬಲ್ಲದಾದರೂ ಅದರ ಹಾವಳಿ ದನ ಕುರಿಗಳಲ್ಲಿಯೇ ಹೆಚ್ಚು.

ಪಶ್ಚಿಮ ಘಟ್ಟದ ಹುಲ್ಲುಗಾವಲಿನ ಅಂಚಿನ ಬ್ರಾಕನ್ ಜರಿಗಿಡವನ್ನು ವಾರಗಟ್ಟಲೆ ತಿಂದ ಕುದುರೆ ಕಾಲುಗಳನ್ನು ಅಗಲಿಸಿ, ಬೆನ್ನು ಬಾಗಿಸಿ ತೂರಾಡುತ್ತದೆ. ಆ ಜರಿಗಿಡ ದೇಹದ ಬಿ1 ಜೀವಸತ್ವವನ್ನು ನಾಶಮಾಡುವುದರಿಂದ, ಬೇಗ ಗುರುತಿಸಿದರೆ ಥಯಮಿನ್ ಚುಚ್ಚುಮದ್ದಿಗೆ ಕುದುರೆ ಚೇತರಿಸಿಕೊಳ್ಳುತ್ತದೆ.

ವೈದ್ಯರು ಬರುವವರೆಗೆ

ಕುದುರೆಯನ್ನು ನಡೆಸಬೇಡಿ. ಹೊಟ್ಟೆಶೂಲೆಗೆ ನಡೆಸಾಡಿಸುವ ರೂಢಿ ಎಲ್ಲ ಲಾಯಗಳಲ್ಲಿ ಇದೆ, ಆದರೆ ನಾಡಿಯ ಲಯ ತಪ್ಪಿದ ಕುದುರೆಗೆ ಆ ನಡಿಗೆಯೇ ಕೊನೆಯದಾಗಬಹುದು. ಬಾಯಲ್ಲಿ ಉಳಿದದ್ದನ್ನು ತೆಗೆದು, ಮೇವು ದೂರವಿಟ್ಟು, ನೆರಳಿನಲ್ಲಿ ಗಲಾಟೆಯಿಲ್ಲದೆ ನಿಲ್ಲಿಸಿ. ಗೊಟ್ಟ ಹಿಡಿದು ಎಣ್ಣೆ, ಮಜ್ಜಿಗೆ, ಹುಣಸೆ ನೀರು ಹೊಯ್ಯುವುದು ದನಕ್ಕೂ ಅಪಾಯವೇ. ತಲೆಯೆತ್ತಿ ಹಿಡಿದ ಕುದುರೆಯಲ್ಲಿ ಅದು ಶ್ವಾಸಕೋಶಕ್ಕಿಳಿದು, ವಿಷದಿಂದ ಉಳಿದ ಪ್ರಾಣಿ ನ್ಯುಮೋನಿಯಾದಿಂದ ಸಾಯುವುದುಂಟು. ಇದ್ದಿಲು ಪುಡಿಯನ್ನು ಕೊಡುವುದು ಸರಿಯಾದ ಚಿಕಿತ್ಸೆಯೇ, ಆದರೆ ಅದು ವೈದ್ಯರು ಮೂಗಿನ ಮೂಲಕ ಜಠರಕ್ಕೆ ನಳಿಕೆ ಇಳಿಸಿ, ದೇಹದ ತೂಕದ ಪ್ರತಿ ಕಿಲೋಗೆ 1ರಿಂದ 2 ಗ್ರಾಂ ಲೆಕ್ಕದಲ್ಲಿ ಕೊಡಬೇಕಾದ ಸಕ್ರಿಯ ಇದ್ದಿಲೇ ಹೊರತು ಒಲೆಯ ಕೆಂಡದ ಪುಡಿಯಲ್ಲ.

ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು. ಕರೆಯಲ್ಲಿಯೇ ನಾಡಿ ಎಷ್ಟು, ಲಯ ಹೇಗಿದೆ, ಪಾಪೆ ಹೇಗಿದೆ, ಎಷ್ಟು ಹೊತ್ತಿನಿಂದ ಎಂಬ ನಾಲ್ಕು ವಿಷಯಗಳನ್ನು ಮೊದಲು ಹೇಳಿಬಿಡಿ. ಕಣಗಿಲೆಯ ಅನುಮಾನವಿದ್ದರೆ ಅದನ್ನು ಹೆಸರಿಸಿಯೇ ಹೇಳಬೇಕು, ಏಕೆಂದರೆ ಸುಸ್ತಾಗಿ ಬಿದ್ದ ಜಾನುವಾರಿಗೆ ಹಳ್ಳಿಗಳಲ್ಲಿ ಕ್ಯಾಲ್ಸಿಯಂ ಏರಿಸುವುದು ವಾಡಿಕೆ. ಈ ವಿಷದಲ್ಲಿ ಕ್ಯಾಲ್ಸಿಯಂ ಹೃದಯವನ್ನು ಇನ್ನಷ್ಟು ಕೆಡಿಸಬಲ್ಲದು. ಗಿಡದ ಕೊಂಬೆಯನ್ನು ಎಲೆ, ಹೂ, ಕಾಯಿಗಳ ಸಮೇತ ಕಾಗದದಲ್ಲಿ ಸುತ್ತಿಡಿ, ಲದ್ದಿಯ ಮಾದರಿಯನ್ನು ಮುಚ್ಚಳದ ಡಬ್ಬಿಯಲ್ಲಿ ತಂಪಾಗಿಡಿ. ಕುದುರೆ ಸತ್ತರೂ ಈ ಮಾದರಿಗಳನ್ನು ಎಸೆಯಬಾರದು, ಲಾಯದ ಉಳಿದ ಕುದುರೆಗಳೂ ಅದೇ ಜಾಗದಲ್ಲಿ ನಿಂತಿದ್ದಿರಬಹುದು.

ಕುದುರೆ ಉಳಿದುಕೊಂಡರೆ ಹೃದಯದ ಸ್ನಾಯುವಿಗೆ ಬಿದ್ದ ಪೆಟ್ಟು ಹೊರಗೆ ಕಾಣುವುದಿಲ್ಲವಾದ್ದರಿಂದ, ವೈದ್ಯರು ಇಸಿಜಿ ನೋಡಿ ಒಪ್ಪುವವರೆಗೆ ಜೀನು ಹಾಕಕೂಡದು. ಮುಂದಿನ ಸವಾರಿಗೆ ಮುನ್ನ ಹೊಟ್ಟೆ ತುಂಬ ಒಣಹುಲ್ಲು ಹಾಕಿ ಹೊರಡುವುದು, ತಂಗುವಲ್ಲಿ ಹುಲ್ಲಿನ ಬಲೆ ಒಯ್ಯುವುದು, ಬೇಲಿಗಳ ನಡುವಿನ ದಾರಿಯಲ್ಲಿ ಒಕ್ಕಣೆಯ ಎತ್ತಿಗೆ ಹಾಕುವಂಥ ಬಾಯಿಕುಕ್ಕೆ ಬಳಸುವುದು ಇವೆಲ್ಲ ಅಗ್ಗದ ಉಪಾಯಗಳು. ವಿಷದ ಸೊಪ್ಪು ಸಿಕ್ಕ ಜಾಗವನ್ನು ಸ್ವಚ್ಛಗೊಳಿಸುವಾಗ ಕಣಗಿಲೆಯ ತರಗನ್ನು ಸುಡಬೇಡಿ, ಅದರ ಹೊಗೆಯೂ ವಿಷವೇ. ಆಳವಾಗಿ ಹೂಳಿ, ಆ ಬೇಲಿಯ ಕೆಳಗೆ ನೀರಿನ ತೊಟ್ಟಿಯಿದ್ದರೆ ಎಲೆ ಉದುರಿದ ನೀರನ್ನೆಲ್ಲ ಚೆಲ್ಲಿ, ತೊಟ್ಟಿಯನ್ನು ತಿಕ್ಕಿ ತೊಳೆದು, ಬೇಲಿಯಿಂದ ದೂರಕ್ಕೆ ಸರಿಸಿ.